ಮಣ್ಣು ನೆಕ್ಕುವ ಸೆನ್ಸರ್: ಐದನೆಯ ಕೈಗಾರಿಕಾ ಕ್ರಾಂತಿಗೆ ಬೀದರದ ಕೊಡುಗೆ ಕುರಿತೊಂದು ಮಹಾಪ್ರಬಂಧ

ಸಾರಾಂಶ: ಮನುಷ್ಯಕೇಂದ್ರಿತ ಸ್ಮಾರ್ಟ್ ಕೈಗಾರಿಕೆಯು ಬೀದರದ ಹಳೇ ಪಟ್ಟಣದಲ್ಲಿ ಬಹಮನಿಗಳ ಕಾಲದಿಂದಲೂ ನಡೆದಿದ್ದು, ಯಾರೂ ಪಿಪಿಟಿ ಮಾಡದ ಕಾರಣ ಜಗತ್ತಿಗೆ ತಿಳಿಯಲಿಲ್ಲವೆಂದು ಈ ಪ್ರಬಂಧ ಸಾಧಿಸುತ್ತದೆ. ಸಾಧಿಸಲಾಗದ ಕಡೆ 'ಸರ್ವವಿದಿತ' ಎನ್ನುತ್ತದೆ.

1. ಪೂರ್ವಪಕ್ಷ
2011ರ ಹ್ಯಾನೋವರ್ ಮೇಳದಲ್ಲಿ ಜರ್ಮನರು ನಾಲ್ಕನೆಯ ಕೈಗಾರಿಕಾ ಕ್ರಾಂತಿ ಸಾರಿದರು. ಯಂತ್ರಗಳು ತಮ್ಮತಮ್ಮೊಳಗೇ ಮಾತಾಡತೊಡಗಿದವು. ಹತ್ತು ವರ್ಷ ಕಳೆದು, 2021ರ ಜನವರಿಯಲ್ಲಿ, ಈ ಗದ್ದಲದಲ್ಲಿ ಮನುಷ್ಯ ಎಲ್ಲಿ ಹೋದನೆಂದು ಯುರೋಪಿಯನ್ ಕಮಿಷನ್ನಿಗೆ ನೆನಪಾಗಿ, ಅದು ಐದನೆಯದನ್ನು ಸಾರಿತು. ಅದರ ಲಕ್ಷಣ ಮೂರು: ಮನುಷ್ಯ ನಡುವಿರಬೇಕು, ಪರಿಸರ ಉಳಿಯಬೇಕು, ಎಂಥ ಪೆಟ್ಟು ಬಿದ್ದರೂ ಉದ್ಯಮ ತಾಳಬೇಕು.

2. ಸಂಶೋಧನಾ ವಿಧಾನ
ಮೈಲೂರದಲ್ಲಿ ಆಟೋ ಹಿಡಿದು ಹಳೇ ಪಟ್ಟಣದ ಚೌಬಾರಾಕ್ಕೆ ಹೋಗುವುದು. ಕಪ್ಪು ಲೋಹದಲ್ಲಿ ಬೆಳ್ಳಿ ಕೂಡಿಸುವ ಬಿದರಿ ಕೆಲಸದವರ ಮುಂದೆ ಕೂಡುವುದು. ಚಹಾ ಬಂದರೆ ಬೇಡವೆನ್ನದಿರುವುದು.

3. ಸೆನ್ಸರ್ ವಿಚಾರ
ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಕೊರೆದ ಗೆರೆ ಕಣ್ಣಿಗೆ ಬೀಳಲೆಂದು. ಆ ಗೆರೆಯೊಳಗೆ ಬೆಳ್ಳಿ ತಂತಿ ಕೂಡಿಸಿ ಬಡಿಯುತ್ತಾರೆ. ಕಡೆಗೆ ಕೋಟೆಯ ಹಳೇ ಮಣ್ಣನ್ನು ನವಸಾಗರದೊಡನೆ ಕಲಸಿ ಬಿಸಿ ಪಾತ್ರೆಗೆ ತಿಕ್ಕಿದರೆ ಸತು ಕಾಡಿಗೆಯಂತೆ ಕರ್ರಗಾಗುತ್ತದೆ. ಬೆಳ್ಳಿ ಮಾತ್ರ ಜಪ್ಪಯ್ಯ ಎನ್ನದೆ ಬೆಳ್ಳಗೇ ಉಳಿಯುತ್ತದೆ.

ಎಲ್ಲಾ ಮಣ್ಣೂ ನಡೆಯುವುದಿಲ್ಲ. ಮಳೆ ಬಿಸಿಲು ಕಾಣದ ಮೂಲೆಯದೇ ಬೇಕು. ಚಿಟಿಕೆ ಮಣ್ಣು ನಾಲಿಗೆಗಿಟ್ಟು ಉಸ್ತಾದರು ಪಾಸು-ಫೇಲು ಹೇಳುತ್ತಾರೆ.

"ಉಸ್ತಾದ್, ಈ ಡೇಟಾ ಎಲ್ಲಿ ಇಡ್ತೀರಿ?"

"ಬಾಯಾಗ್ರಿ."

ಹೀಗೆ ಈ ಸೆನ್ಸರಿಗೆ ಚಾರ್ಜಿಂಗ್ ಬೇಡ, ಪಾಸ್‌ವರ್ಡ್ ಬೇಡ. ಪಾನ್ ಜಗಿಯುವಾಗ ಮಾತ್ರ ಸೇವೆ ಸ್ಥಗಿತ.

4. ಆಕ್ಷೇಪ, ಸಮಾಧಾನ
ಹೊಸ ಕ್ರಾಂತಿಯೆಂದರೆ ಸ್ಟಾರ್ಟಪ್ ಬೇಕು; ಬಿದರಿ ಸ್ಟಾರ್ಟಪ್ ಹೇಗಾದೀತು? ಕೇಂದ್ರ ಸರಕಾರದ 2019ರ ಅಧಿಸೂಚನೆ ಸ್ಟಾರ್ಟಪ್ಪಿಗೆ ಹತ್ತು ವರ್ಷದ ವಯೋಮಿತಿ ಹಾಕಿತು. ಬಿದರಿ ಶತಮಾನಗಳ ಲೆಕ್ಕದಲ್ಲಿ ಮೀರಿದೆ. ಸಮಾಧಾನವೇನೆಂದರೆ, ಪೆಟ್ಟು ತಾಳುವ ಮೂರನೆಯ ಲಕ್ಷಣಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ? ಹೂಡಿಕೆದಾರರಾದ ಬಹಮನಿಗಳು ಹೋದರು, ಬರೀದಶಾಹಿಗಳು ಹೋದರು, ಮೊಗಲರು, ನಿಜಾಮರೂ ಹೋದರು. ಸುತ್ತಿಗೆಯ ಸದ್ದು ನಿಲ್ಲಲಿಲ್ಲ. 2006ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಬಂತು. 2023ರಲ್ಲಿ ಬಿದರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಯುನಿಕಾರ್ನ್ ಒಂದು ಬರುವುದು ಬಾಕಿ. ಅದು ಸರ್ವವಿದಿತವಾಗಿ ಕಾಲ್ಪನಿಕ ಪ್ರಾಣಿ.

5. ಮಿತಿಗಳು
ಬೆಳ್ಳಿಯ ದರ ಏರುತ್ತದೆ. ಹೂದಾನಿ ದೊಡ್ಡ ಊರಿನ ಏಸಿ ಶೋರೂಮು ಸೇರುವಷ್ಟರಲ್ಲಿ ಅದರ ದರವೂ ಏರುತ್ತದೆ. ಕೂಲಿಗೆ ಈ ಚಟವಿಲ್ಲ. ಆದ್ದರಿಂದ ಉಸ್ತಾದರ ಮಗ ಉಳಿ ಕೆಳಗಿಟ್ಟು, ಬೆಂಗಳೂರಿನಲ್ಲಿ ಬೈಕ್ ಮೇಲೆ ಬಿರಿಯಾನಿ ತಲುಪಿಸುವುದಕ್ಕೆ ಹೋದರೆ ಕಳವಳ ಬೇಡ: ಅದು ಅಧಿಕೃತ ಸ್ಟಾರ್ಟಪ್, ಕುಟುಂಬವು ಕ್ರಾಂತಿಯೊಳಗೇ ಇದೆ.

6. ನಿರ್ಣಯ
ಮನುಷ್ಯನನ್ನು ಉದ್ಯಮದ ನಡುವೆ ಕೂಡಿಸುವುದು ಬೀದರಕ್ಕೆ ಹೊಸ ವಿದ್ಯೆಯಲ್ಲ. ಆತ ಅಲ್ಲೇ ಚಕ್ಕಳ ಬಕ್ಕಳ ಹಾಕಿ ಕೂತಿದ್ದಾನೆ. ಕೂತವನಿಗೆ ಕೆಲಸಕ್ಕೆ ತಕ್ಕ ಕೂಲಿ ಮುಟ್ಟಿಸುವ ತಂತ್ರಜ್ಞಾನವೊಂದು ಮಾತ್ರ ಇನ್ನೂ ಬಂದಿಲ್ಲ. ಬಂದ ದಿನ ಅದನ್ನು ಆರನೆಯ ಕ್ರಾಂತಿ ಎಂದು ಕರೆಯಲು ಪ್ರಬಂಧಕಾರರ ಅಭ್ಯಂತರವಿಲ್ಲ.