ಅಡಿಕೆಗೆ ರೇಟು, ಭಾಗವತರಿಗೆ ಗೇನು

ಅಡಿಕೆಗೆ ರೇಟು ಬಂದ ವರ್ಷ ನಮ್ಮ ಸೀಮೆಯಲ್ಲಿ ಮನೆಗೊಂದು ಹುಚ್ಚು ಹಿಡಿಯುತ್ತದೆ. ಕೆಲವರು ಕಾರು ಬದಲಿಸುತ್ತಾರೆ, ಕೆಲವರು ಅಂಗಳಕ್ಕೆ ನುಣುಪು ಟೈಲ್ಸ್ ಹಾಕಿಸಿ ಮೊದಲ ಮಳೆಗೇ ಜಾರಿ ಬೀಳುತ್ತಾರೆ. ನನಗೆ ಹಿಡಿದದ್ದು ಹೈ-ಫೈ. ಬೆಂಗಳೂರಿನ ತಮ್ಮ ಮನೆ ಬದಲಿಸುವಾಗ ತನ್ನ ಟರ್ನ್‌ಟೇಬಲ್, ಸಿಡಿ ಪ್ಲೇಯರ್, ಪವರ್ ಆಂಪ್ಲಿಫೈಯರ್, ಒಂದು ಜೊತೆ ಸ್ಪೀಕರ್ ಎಲ್ಲವನ್ನೂ ಸಾಗರಕ್ಕೆ ಸಾಗಹಾಕಿ, "ಪ್ರೀ-ಆಂಪ್ ಒಂದು ನೀನೇ ನೋಡ್ಕ" ಎಂದು ಫೋನಿಟ್ಟ.

"ಅದೆಂತ ಮಾಡ್ತು?" ಎಂದಳು ಹೆಂಡತಿ.

ಯಕ್ಷಗಾನದ ಆಟದಲ್ಲಿ ಭಾಗವತರು ಇದ್ದ ಹಾಗೆ ಎಂದೆ. ಕುಣಿಯುವುದು ವೇಷಧಾರಿಗಳೇ ಆದರೂ ಯಾರು ಯಾವಾಗ ಬರಬೇಕು, ಎಷ್ಟು ಏರಬೇಕು, ಎಲ್ಲಿ ಇಳಿಯಬೇಕು ಎನ್ನುವುದೆಲ್ಲ ಅವರ ಕೈಯಲ್ಲಿ.

"ಈ ಮನೆಯಲ್ಲಿ ಆ ಕೆಲಸಕ್ಕೆ ಆಗಲೇ ಜನ ಇದ್ದಲ" ಎಂದು ಒಳಗೆ ಹೋದಳು. ನಾನು ವಾದಕ್ಕೆ ನಿಲ್ಲಲಿಲ್ಲ.

ಸಾಗರ ಪೇಟೆಯಲ್ಲಿ ಸೌಂಡ್ ಸಿಸ್ಟಂ ಎಂದರೆ ಮದುವೆ, ಮೆರವಣಿಗೆ, ಮಾರಿಜಾತ್ರೆ. ಅಂಗಡಿಯವನು ಅಹುಜಾ ಮಿಕ್ಸರೊಂದನ್ನು ಕೌಂಟರಿನ ಮೇಲಿಟ್ಟು, "ಮೈಕ್ ಎಷ್ಟು? ಹಾರ್ನ್ ಎಷ್ಟು?" ಎಂದ. ಮನೆಯೊಳಗೆ ಕೂತು ಕೇಳುವುದಕ್ಕೆ ಎಂದೆ. "ಮನೆಯೊಳಗೆ ಕೂತು ಕೇಳೋಕೆ ಇಷ್ಟೆಲ್ಲ ಎಂತಕ್ಕೆ ಭಟ್ರೇ? ಟಿವಿ ಇಲ್ವಾ?"

ತೀರ್ಥಹಳ್ಳಿಯ ಭಾವನದು ಇನ್ನೊಂದು ಬಗೆ. ವಾಲ್ವ್ ಬಿಟ್ಟರೆ ಬೇರೆ ಸಂಗೀತವೇ ಇಲ್ಲ ಎನ್ನುವ ಪಂಥ. ಬೆಂಗಳೂರಿನ ಬಿಇಎಲ್ ಒಂದು ಕಾಲಕ್ಕೆ ಮಾಡುತ್ತಿದ್ದ ರೇಡಿಯೋ ವಾಲ್ವುಗಳನ್ನು ಹತ್ತಿಯಲ್ಲಿ ಸುತ್ತಿ ಗೋಡೆ ಕಪಾಟಿನಲ್ಲಿ ಇಟ್ಟಿದ್ದಾನೆ. "ವಾಲ್ವ್ ಬಿಸಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯಲ್ಲ" ಎನ್ನುವುದು ಅವನ ವಾದ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ತಾಲೂಕಿನಲ್ಲಿ ಇದು ತೆಗೆದುಹಾಕುವ ಮಾತಲ್ಲ. ಆದರೆ ಅವನ ಸೆಟ್ಟಿನ ಮೇಲೆ ಅಕ್ಕ ಮಕ್ಕಳ ಸಾಕ್ಸ್ ಒಣಹಾಕಿದ್ದನ್ನು ನಾನು ಕಣ್ಣಾರೆ ಕಂಡೆ.

ದಾರಿ ತೋರಿಸಿದವರು ಹೊಸನಗರದ ಹಳೆಯ ರೇಡಿಯೋ ರಿಪೇರಿಯವರು. ಕನ್ನಡಕ ಹಣೆಗೇರಿಸಿ, ಬೀಡಿಯನ್ನು ಕಿವಿಗೆ ಸಿಕ್ಕಿಸಿ, ಸಾಮಾನು ನೋಡುವ ಮೊದಲು ಲೆಕ್ಕ ಕೇಳಿದರು. ಸಿಡಿ ಪ್ಲೇಯರಿನಿಂದ ಬರುವುದು ಹೆಚ್ಚುಕಡಿಮೆ 2 ವೋಲ್ಟ್. ಪವರ್ ಆಂಪ್ ಪೂರಾ ಕೂಗುವುದಕ್ಕೆ ಒಂದು, ಒಂದೂವರೆ ವೋಲ್ಟ್ ಸಾಕು. "ಅಂದರೆ ಸಿಡಿಗೆ ಏರಿಸುವ ಕೆಲಸವೇ ಇಲ್ಲ, ತಗ್ಗಿಸುವ ಕೆಲಸ ಮಾತ್ರ. ನೀವು ಹತ್ತು ಪಟ್ಟು ಗೇನ್ ಇರೋದು ತಂದರೆ ಏನಾಗ್ತದೆ ನೋಡಿ" ಎಂದು ಅಲ್ಲೇ ಬಿದ್ದಿದ್ದ ಒಂದು ಡಬ್ಬಿ ಜೋಡಿಸಿ, ಆಟದ ಸಿಡಿ ಹಾಕಿ, ವಾಲ್ಯೂಮ್ ಗುಂಡಿಯನ್ನು ಉಗುರಿನ ತುದಿಯಲ್ಲಿ ಅಷ್ಟೇ ಅಷ್ಟು ತಿರುಗಿಸಿದರು. ಷಟರು ನಡುಗಿ ಎದುರಿನ ಹೋಟೆಲಿನವರು ಹೊರಗೆ ಬಂದರು. ಸಣ್ಣಗೆ ಮಾಡಿದರೆ ಭಾಗವತರು ಚಂಡೆಯವರ ತೊಡೆಯ ಮೇಲೆ ಹೋಗಿ ಕೂತರು. ಗುಂಡಿ ತೀರಾ ಕೆಳಗಿರುವಾಗ ಅದರೊಳಗಿನ ಎಡ-ಬಲದ ಪಟ್ಟಿಗಳು ಸಮ ಇರುವುದಿಲ್ಲವಂತೆ. ಹಾಗಾಗಿ ದಿನಬಳಕೆಯ ಶಬ್ದಕ್ಕೆ ಗುಂಡಿ ಗಡಿಯಾರದ ಹತ್ತು-ಹನ್ನೆರಡರ ನಡುವೆ ನಿಲ್ಲಬೇಕು.

ಟರ್ನ್‌ಟೇಬಲ್ ಕತೆಯೇ ಬೇರೆ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್, ಸಿಡಿಯ ನಾನೂರರಲ್ಲಿ ಒಂದು ಪಾಲು. ಮೇಲಾಗಿ ರೆಕಾರ್ಡು ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ. ಅದನ್ನು ತಿರುಗಿ ಸರಿಮಾಡುವುದಕ್ಕೆ ಫೋನೋ ಸ್ಟೇಜ್ ಬೇಕೇ ಬೇಕು. ಸಾಗರದ ಮಿಕ್ಸರಿಗೆ ನೇರವಾಗಿ ಚುಚ್ಚಿದ್ದರೆ ಮದ್ದಳೆ ಮಾಯವಾಗಿ ತಾಳ ಮಾತ್ರ ಉಳಿಯುತ್ತಿತ್ತು.

ಭಾವನ ವಾಲ್ವ್ ಸೆಟ್ಟು? "ಒಳ್ಳೆಯದೇ. ಆದರೆ ಅದರ ಔಟ್‌ಪುಟ್ ಇಂಪಿಡೆನ್ಸ್ ಜಾಸ್ತಿ. ನಿಮ್ಮ ಪವರ್ ಆಂಪಿನ ಇನ್‌ಪುಟ್ ಇಂಪಿಡೆನ್ಸ್ ಅದರ ಹತ್ತು ಪಟ್ಟಾದರೂ ಇರಬೇಕು. ನಿಮ್ಮದು 10 ಕಿಲೋ ಓಮ್ ಅಷ್ಟೇ, ಬೇಸ್ ಸೊರಗ್ತದೆ." ಎರಡು ಪೆಟ್ಟಿಗೆಗಳ ಜಾತಕ ಕೂಡಬೇಕು ಎನ್ನುವುದನ್ನು ಭಾವ ಇವತ್ತಿಗೂ ಒಪ್ಪಿಲ್ಲ. ನನ್ನ ಕಿವಿಯೇ ಸರಿ ಇಲ್ಲ ಎನ್ನುತ್ತಾನೆ.

ಕೊನೆಗೆ ತಂದದ್ದು ಒಂದು ಸಣ್ಣ ಫೋನೋ ಸ್ಟೇಜ್, ಜೊತೆಗೆ ಸ್ವಿಚ್ಚು ಮತ್ತು ವಾಲ್ಯೂಮ್ ಗುಂಡಿ ಮಾತ್ರ ಇರುವ ಇನ್ನೊಂದು ಡಬ್ಬಿ. ಉಳಿದ ದುಡ್ಡಲ್ಲಿ ಹೊಸ ಅರ್ಥಿಂಗ್ ಗುಂಡಿ ತೆಗೆಸಿ ಇದ್ದಿಲು, ಉಪ್ಪು ತುಂಬಿಸಿದೆ. ನಮ್ಮ ಸಾಗರ, ಹೊಸನಗರದ ಊರುಗಳನ್ನು ಮುಳುಗಿಸಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ನಾಡಿಗೆಲ್ಲ ಬೆಳಕು ಕೊಟ್ಟರು. ನಮ್ಮ ಮನೆ ಕರೆಂಟು ಮಾತ್ರ ಗುಡುಗಿನ ಸದ್ದಿಗೇ ಓಡುತ್ತದೆ. ಕರೆಂಟು ಹೋದರೆ ಯಾವ ಹೈ-ಫೈಗೂ ಗುಂಯ್ ಎನ್ನುವ ಹಮ್ ಬರುವುದಿಲ್ಲ, ಅದೊಂದು ಅನುಕೂಲ.

ನೀವೂ ಪ್ರೀ-ಆಂಪ್ ತರಲು ಹೊರಟಿದ್ದರೆ ಮೊದಲು ಮನೆಯ ಆಂಪ್ಲಿಫೈಯರನ್ನು ತಿರುಗಿಸಿ ಬೆನ್ನು ನೋಡಿ. ಅಲ್ಲಿ ಫೋನೋ ಎಂದು ಬರೆದ ಸಾಕೆಟ್ಟೂ ಪಕ್ಕದಲ್ಲೊಂದು ಸ್ಕ್ರೂವೂ ಇದ್ದರೆ ಬೇಕಾದದ್ದು ಒಳಗೇ ಇದೆ. ಟರ್ನ್‌ಟೇಬಲಿನ ಸಪೂರ ತಂತಿಯನ್ನು ಆ ಸ್ಕ್ರೂವಿಗೆ ಬಿಗಿಯಿರಿ, ಗುಂಯ್ ಎನ್ನುವುದು ನಿಲ್ಲುತ್ತದೆ. ಮೋಡ ಕಟ್ಟಿದರೆ ಮಾತ್ರ ಪದ್ಯ ಎಷ್ಟೇ ಚೆನ್ನಾಗಿರಲಿ, ಗುಡುಗು ಕೇಳುವ ಮೊದಲೇ ಎದ್ದು ಪ್ಲಗ್ ಕೀಳಿ.