ಸೂರ್ಯಾಸ್ತಕ್ಕೆ ಹತ್ತು ನಿಮಿಷ

ನಮ್ಮ ಭಾವನ ಪ್ರವಾಸ ಶುರುವಾಗುವುದು ಊಟದ ಮೇಜಿನ ಮೇಲೆ. ಎಪ್ರಿಲ್‌ನಲ್ಲಿ ಗೋಕರ್ಣಕ್ಕೆ ಹೋಗುವುದಿದ್ದರೆ ನವೆಂಬರ್‌ನಲ್ಲೇ ತಟ್ಟೆ ಸರಿಸಿ ಲ್ಯಾಪ್‌ಟಾಪ್ ಬಿಚ್ಚುತ್ತಾರೆ, ಕನ್ನಡಕ ಹಣೆಗೇರಿಸುತ್ತಾರೆ. "ಎಲ್ಲರೂ ಬನ್ನಿ, ಒಂದು ಹತ್ತು ನಿಮಿಷ ಮಾತಾಡ್ಬೇಕು" ಅಂದರೆ ಸಾಕು, ಅಕ್ಕನಿಗೆ ಒಣಗಿದ ಬಟ್ಟೆ ನೆನಪಾಗುತ್ತದೆ, ಮಕ್ಕಳಿಗೆ ಹೋಮ್‌ವರ್ಕ್ ನೆನಪಾಗುತ್ತದೆ. ಸಿಕ್ಕಿಬೀಳುವವನು ನಾನು.

ಇಂಥವರೊಬ್ಬರು ನಿಮ್ಮ ಮನೆತನದಲ್ಲೂ ಇರುತ್ತಾರೆ. ದಿಬ್ಬಣದ ಬಸ್ಸಿನ ಬಾಗಿಲಲ್ಲಿ ನಿಂತು ತಲೆ ಎಣಿಸುವವರು. ಎಣಿಸುವಾಗ ತಮ್ಮನ್ನೇ ಬಿಟ್ಟು, ಒಂದು ತಲೆ ಕಮ್ಮಿಯಾಯಿತೆಂದು ಬಸ್ಸು ನಿಲ್ಲಿಸುವವರು.

ಈ ಸಲದ ಮೊದಲ ತಕರಾರು ತಿಂಗಳಿನದು. ಭಾವನ ಒಲವು ಜುಲೈ ಕಡೆಗೆ: ಹಸಿರು, ಜಲಪಾತ, ರೂಮಿನ ಬಾಡಿಗೆಯೂ ಕಮ್ಮಿ. "ಜುಲೈಯಲ್ಲಿ ಮೀನೆಲ್ಲಿಂದ ತರ್ತೀರಿ?" ಅಂತ ಅಕ್ಕ ಒಂದೇ ಮಾತಿಗೆ ಕೆಡವಿದಳು. ಅವಳು ಹೇಳಿದ್ದು ಸರಿಯೇ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಮೀನಿಗೆ ಇಳಿಯುವಂತಿಲ್ಲ. ಡಿಸೆಂಬರ್ ಅಂದರೆ ರಾಜ್ಯದ ಶಾಲಾ ಬಸ್ಸುಗಳೆಲ್ಲ ಮುರ್ಡೇಶ್ವರದಲ್ಲೇ. ಶಿವ 123 ಅಡಿ ಎತ್ತರ ಇರೋದರಿಂದ ಅವನೊಬ್ಬ ಕಾಣುತ್ತಾನೆ, ಅಷ್ಟೆ. ಕೊನೆಗೆ ಎಪ್ರಿಲ್ ಉಳಿಯಿತು. ಎಪ್ರಿಲ್‌ನ ಸೆಕೆ ಬಗ್ಗೆ ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಎಕ್ಸೆಲ್‌ನಲ್ಲಿ "ಸೆಕೆ" ಅಂತ ಒಂದು ಸಾಲು ಸೇರಿಸಿ, ಎದುರಿಗೆ "ಟವೆಲ್: 22" ಎಂದು ಬರೆದಾಗಿತ್ತು. ನಾವು ಹನ್ನೊಂದು ಜನ.

ಆಮೇಲೆ ಬಂತು ನಿಜವಾದ ಗಣಿತ. ಭಾವನ ತಾಯಿಗೆ ಮೀನೆಂದರೆ ಪ್ರಾಣ. ಆದರೆ ಸೋಮವಾರ, ಶನಿವಾರ ಮುಟ್ಟುವುದಿಲ್ಲ. ದೇವರ ದರ್ಶನ ಮಾಡಿದ ದಿನವೂ ಇಲ್ಲ. ಅವರು ತಿನ್ನದ ದಿನ ಬೇರೆಯವರು ಅವರೆದುರು ತಿನ್ನುವ ಹಾಗಿಲ್ಲ. ಪ್ರವಾಸ ಶುಕ್ರ, ಶನಿ, ಭಾನು. ಶುಕ್ರವಾರ ಗೋಕರ್ಣದಲ್ಲಿ ಮಹಾಬಲೇಶ್ವರ, ಅಂದು ಮೀನಿಲ್ಲ. ಶನಿವಾರ ಶನಿವಾರವೇ. ಭಾನುವಾರ ಇಡಗುಂಜಿ ಗಣಪತಿ ಎಂದಿತ್ತು. ಅಂದರೆ ಮೂರು ದಿನ ಕಡಲ ದಂಡೆಯಲ್ಲಿ ನಿಂತು ಅನ್ನ, ಸಾರು. ಈ ಒಂದು ಗಂಟು ಬಿಡಿಸಲು ಭಾವನಿಗೆ ಹನ್ನೆರಡು ದಿನ ಹಿಡಿಯಿತು. ಹದಿಮೂರನೇ ದಿನ ರಾತ್ರಿ ಹನ್ನೊಂದೂವರೆಗೆ ಫೋನು: "ಇಡಗುಂಜಿ ಶನಿವಾರಕ್ಕೆ ಹಾಕ್ದೆ ಕಣೋ. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಮೀನು." ಎಂಥ ಯುದ್ಧ ಗೆದ್ದವನ ದನಿಯೂ ಅಷ್ಟು ನಡುಗಿರಲಿಕ್ಕಿಲ್ಲ.

ರೈಲು ಪಂಚಗಂಗಾ ಎಕ್ಸ್‌ಪ್ರೆಸ್. ಬೆಂಗಳೂರಿನಲ್ಲಿ ಸಂಜೆ ಹತ್ತಿದರೆ ಬೆಳಿಗ್ಗೆ ಕಡಲ ಸೀಮೆ. ಟಿಕೆಟ್ 60 ದಿನ ಮೊದಲು ಬೆಳಿಗ್ಗೆ 8ಕ್ಕೆ ತೆರೆಯುತ್ತದೆ, ಒಂದು ಬುಕಿಂಗ್‌ನಲ್ಲಿ ಆರೇ ಜನ. ಹಾಗಾಗಿ ಆರು ಭಾವನ ಫೋನಿನಲ್ಲಿ, ಐದು ನನ್ನದರಲ್ಲಿ. ಹಿಂದಿನ ದಿನ ಸಂಜೆ ನನಗೆ ರಿಹರ್ಸಲ್ ಮಾಡಿಸಿದರು, ಗಡಿಯಾರ ಹಿಡಿದು. ಮರುದಿನ ಅವರ ಆರು ಕನ್ಫರ್ಮ್, ನನ್ನ ಐದು ವೇಟಿಂಗ್. ಆ ಐದೂ ಕೊನೆಗೆ ಸಿಕ್ಕವು, ಬೇರೆ ಬೋಗಿಯಲ್ಲಿ. ಆದರೆ ಕುಟುಂಬದಲ್ಲಿ ನನ್ನ ಹೆಸರು ಇವತ್ತಿಗೂ "ವೇಟಿಂಗ್ ಲಿಸ್ಟ್".

ಪ್ರವಾಸಕ್ಕೆ ವಾರವಿರುವಾಗ ಶೀಟು ಪ್ರಿಂಟಾಗಿ, ಲ್ಯಾಮಿನೇಟ್ ಆಗಿ ಮನೆಮನೆಗೆ ಬಂತು. ನಾನು ಗಂಭೀರವಾಗಿ ಓದಿದೆ. "6.40ರಿಂದ 6.50: ಸೂರ್ಯಾಸ್ತ, ಓಂ ಬೀಚ್ (ಗ್ರೂಪ್ ಫೋಟೊ ಸೇರಿ)". "ಮಿರ್ಜಾನ್ ಕೋಟೆ: 35 ನಿಮಿಷ (ಇತಿಹಾಸ 5 ನಿಮಿಷ)". ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರೇ ಕರೆದ ಚೆನ್ನಭೈರಾದೇವಿಗೆ ನಮ್ಮ ಭಾವ ಕೊಟ್ಟದ್ದು ಐದು ನಿಮಿಷ. ಯಾಣವೂ ಒಂದು ಸಾಲಿನಲ್ಲಿತ್ತು. ಅದನ್ನು ಹೊಡೆದು ಹಾಕಿದ್ದು ಭಾವನ ತಾಯಿ, ತಮ್ಮ ಮಂಡಿ ತೋರಿಸಿ. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಅಂತ ಗಾದೆ ಇಲ್ವಾ? ನನಗೆ ಎರಡೂ ಇಲ್ಲ. ಗೋಕರ್ಣಕ್ಕೆ ನೀನು ಕರ್ಕೊಂಡು ಹೋಗ್ತಿದೀಯ, ಬರ್ತೀನಿ." ಯಾಣ ಹೋಯಿತು. ಆ 120 ಮೀಟರ್ ಕರಿಬಂಡೆಗೆ ಬೇಸರವಾದಂತೆ ಕಾಣಲಿಲ್ಲ. ಭಾವನಿಗೆ ಮಾತ್ರ ಎರಡು ದಿನ ಊಟ ಸೇರಲಿಲ್ಲ. ಖಾಲಿಯಾದ ಎರಡು ಗಂಟೆಯಲ್ಲಿ ಏನು ತುಂಬುವುದು? "ಸುಮ್ನೆ ಕೂತ್ಕೊಳ್ಳೋಣ" ಅಂದೆ. ಎಕ್ಸೆಲ್‌ನಲ್ಲಿ ಅದಕ್ಕೆ ಬಣ್ಣವಿಲ್ಲವಂತೆ. ಊಟಕ್ಕೆ ಹಸಿರು, ದೇವರಿಗೆ ಹಳದಿ, ನೀರಿಗೆ ನೀಲಿ.

ಒಂದು ಮಾತು ಹೇಳಿಬಿಡಬೇಕು. ಶೆಡ್ಯೂಲ್ ಹಾಕಿಕೊಂಡು ಹೊರಟವರಿಗೆ ಗೋಕರ್ಣ ಅಷ್ಟು ಒಳ್ಳೆಯ ಜಾಗವಲ್ಲ. ಆತ್ಮಲಿಂಗ ಹಿಡಿದು ಲಂಕೆಗೆ ನಾನ್‌ಸ್ಟಾಪ್ ಹೊರಟಿದ್ದ ರಾವಣ ಕೆಟ್ಟದ್ದು ಇಲ್ಲೇ, ಅದೂ ಸೂರ್ಯಾಸ್ತದಿಂದ. ಸಂಧ್ಯಾವಂದನೆಗೆಂದು ಹುಡುಗನ ಕೈಗೆ ಲಿಂಗ ಕೊಟ್ಟ. ಹುಡುಗ ಗಣಪತಿ, ಮೂರು ಸಲ ಕೂಗಿ ನೆಲಕ್ಕಿಟ್ಟ. ಹತ್ತು ತಲೆಯವನಿಗೇ ತಲೆ ಓಡದ ಊರಿನಲ್ಲಿ ನಮ್ಮ ಭಾವನ ಒಂದು ತಲೆ! ಶುಕ್ರವಾರ ಸಂಜೆ 6.38ಕ್ಕೆ ನಮ್ಮನ್ನೆಲ್ಲ ಓಂ ಬೀಚಿನ ಮೆಟ್ಟಿಲು ಇಳಿಸಿ, ಎತ್ತರದವರನ್ನು ಹಿಂದೆ, ಗಿಡ್ಡರನ್ನು ಮುಂದೆ ನಿಲ್ಲಿಸಿ ತಿರುಗಿ ನೋಡುತ್ತಾರೆ, ಸೂರ್ಯನಿಲ್ಲ. ಬೇಸಿಗೆಯ ಮಬ್ಬಿನಲ್ಲಿ, ನೀರು ಮುಟ್ಟುವ ಮೊದಲೇ ಕರಗಿಹೋಗಿದ್ದ. ಭಾವ ಒಮ್ಮೆ ಕಡಲು ನೋಡಿದರು, ಒಮ್ಮೆ ಶೀಟು ನೋಡಿದರು. ತಪ್ಪು ಶೀಟಿನದಲ್ಲ ಎಂದು ಮುಖದಲ್ಲೇ ಬರೆದಿತ್ತು.

ಶನಿವಾರ ಮಿರ್ಜಾನ್ ಮುಗಿಸಿ (ಇತಿಹಾಸ ನಾಲ್ಕೇ ನಿಮಿಷಕ್ಕೆ ಮುಗಿದು ಭಾವ ಖುಷಿಯಾಗಿದ್ದರು) ಕುಮಟಾ ದಾಟುತ್ತಿದ್ದೆವು. ಹೊನ್ನಾವರದಲ್ಲಿ 11.30ಕ್ಕೆ ಶರಾವತಿಯಲ್ಲಿ ದೋಣಿ. ಹೆದ್ದಾರಿಯ ಪಕ್ಕ ಬಿದಿರಿನ ಗಳುಗಳಿಗೆ ತೂಗುಹಾಕಿದ್ದ ಈರುಳ್ಳಿ ಕಂಡದ್ದೇ ಭಾವನ ತಾಯಿ "ನಿಲ್ಸೋ" ಅಂದರು. ಕುಮಟೆಯ ಸಿಹಿ ಈರುಳ್ಳಿ ನೀವು ನೋಡಿರಬೇಕು. ಒಣಗಿದ ಸೋಗೆ ಸಮೇತ, ಹುಡುಗಿಯರ ಜಡೆಯಂತೆ ಹೆಣೆದ ಗೊಂಚಲು. ಬುಡದಲ್ಲಿ ದಪ್ಪದವು, ಮೇಲಕ್ಕೆ ಹೋದಂತೆ ಸಣ್ಣವು. ನೆರಳಿನಲ್ಲಿ ಕೂತ ಹೆಂಗಸು ಮಾತಾಡುತ್ತಲೇ ಹೆಣೆಯುತ್ತಿದ್ದಳು. ಒಂದನ್ನು ಕೈಯಲ್ಲೇ ಅಮುಕಿ ಒಡೆದು ಭಾವನ ಮುಂದೆ ಹಿಡಿದಳು. "ಹಸೀದೇ ತಿನ್ನಿ ನೋಡ್ವಾ." ಭಾವ ವಾಚು ನೋಡಿದರು. "ಅರ್ಜೆಂಟ್ ಎಂತಕ್ರಾ? ಕಡಲು ಎಲ್ಲೂ ಹೋಗೂದಿಲ್ಲ."

ಭಾವ ತಿಂದರು. ಕಣ್ಣಲ್ಲಿ ನೀರು ಬರಲಿಲ್ಲ, ಬಾಯಲ್ಲಿ ಬಂತು. ಇನ್ನೊಂದು ತಿಂದರು. ಆಮೇಲೆ ಪಕ್ಕದ ಕಲ್ಲಿನ ಮೇಲೆ ಕೂತು, ಬೀಜ ಎಲ್ಲಿಂದ, ಕಿತ್ತು ಎಷ್ಟು ದಿನ ಒಣಗಿಸಬೇಕು, ಮಳೆ ಬಿದ್ದರೆ ಏನು ಗತಿ ಅಂತ ವಿಚಾರಿಸತೊಡಗಿದರು. ಯಾರೋ ಮುರುಗಲು ಶರಬತ್ತು ತಂದರು. ಮಕ್ಕಳು ಹೆಣೆಯಲು ಕಲಿತು ಎರಡು ಗೊಂಚಲು ಹಾಳು ಮಾಡಿದರು. ಹಾಳಾದವನ್ನೂ ನಾವೇ ಕೊಂಡೆವು. 11.30ರ ದೋಣಿ ನಮ್ಮನ್ನು ಬಿಟ್ಟು ಹೋಯಿತು. ಯಾರೂ ನೆನಪಿಸಲಿಲ್ಲ.

ಭಾನುವಾರ ಒಂದು ಗಂಟೆಗೆ ಸರಿಯಾಗಿ ಮೀನಾಯಿತು. ಅದೊಂದರಲ್ಲಿ ಭಾವ ಒಂದು ನಿಮಿಷವನ್ನೂ ಬಿಟ್ಟುಕೊಡಲಿಲ್ಲ.

ಈರುಳ್ಳಿ ಗೊಂಚಲು ನಮ್ಮ ಅಡುಗೆಮನೆಯ ಮೊಳೆಗೆ ಇನ್ನೂ ಅರ್ಧ ಉಳಿದು ನೇತಾಡುತ್ತಿದೆ. ಮೊನ್ನೆ ಮುಂದಿನ ವರ್ಷದ ಶೀಟು ಬಂತು. ಕುಮಟಾ ಮತ್ತು ಹೊನ್ನಾವರದ ನಡುವೆ ಹೊಸದೊಂದು ಸಾಲಿದೆ, ನೇರಳೆ ಬಣ್ಣದ್ದು: "10.20ರಿಂದ 11.10: ಅನಿರೀಕ್ಷಿತ".