ಶಾರ್ಟೇಜ್ ಬಂದಿದೆ

ನಮ್ಮೂರು ಬೇಗಾರಿನಲ್ಲಿ ಯಾರೂ 'ಕೊರತೆ' ಎನ್ನುವುದಿಲ್ಲ. ಅದು ಬಜೆಟ್ ಭಾಷಣದ ಮಾತು. 'ಅಭಾವ' ರೇಡಿಯೋದ್ದು. 'ಬರ' ಎನ್ನೋಣವೆಂದರೆ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಸುರಿಯುತ್ತದೆ, ಮಳೆಯೇ ನಕ್ಕೀತು. ಉಳಿದದ್ದು ಶಾರ್ಟೇಜ್. ಹಾಲು ಶಾರ್ಟೇಜ್, ಚಿಲ್ಲರೆ ಶಾರ್ಟೇಜ್, ಗೊಬ್ಬರ ಶಾರ್ಟೇಜ್.

ಇಂಗ್ಲಿಷಿನವರಿಗೆ ಅದು ಏನೋ ಇಲ್ಲದಿರುವುದು. ನಮ್ಮಲ್ಲಿ ಅದು 'ಬರುತ್ತದೆ', ತೋಟಕ್ಕೆ ಕೊಳೆರೋಗ ಬಂದ ಹಾಗೆ. ಯಾರ ತಪ್ಪೂ ಅಲ್ಲ. 'ದುಡ್ಡಿಲ್ಲ' ಎಂದರೆ ಮರ್ಯಾದೆ ಹೋಗುತ್ತದೆ. 'ಸ್ವಲ್ಪ ಕ್ಯಾಶ್ ಶಾರ್ಟೇಜ್ ಮಾರಾಯ' ಎಂದರೆ ತಪ್ಪು ರಿಸರ್ವ್ ಬ್ಯಾಂಕಿನದು. 2016ರ ನವೆಂಬರಿನಲ್ಲಿ ನೋಟು ರದ್ದಾದಾಗಲಂತೂ, ಮೊದಲಿನಿಂದಲೂ ದುಡ್ಡಿಲ್ಲದವರಿಗೆ ಒಳ್ಳೆಯ ಕಾರಣ ಸಿಕ್ಕಿತ್ತು. ಶೇಕಡಾ 75 ಹಾಜರಿ ತುಂಬದ ಕಾಲೇಜು ಹುಡುಗ 'ಶಾರ್ಟೇಜ್ ಬಂದಿದೆ' ಎಂದು ಮನೆಯಲ್ಲಿ ಮುಖ ಸಣ್ಣ ಮಾಡುತ್ತಾನೆ, ಅಜ್ಜಿ ಕಷಾಯಕ್ಕಿಡುತ್ತಾರೆ.

ಆಳು ಶಾರ್ಟೇಜ್ ಮಾತ್ರ ತಮಾಷೆಯಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮದ್ದಿಗೆ 100 ಲೀಟರ್ ನೀರು, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಸಾಕು. ಎಲ್ಲವೂ ಸಿಗುತ್ತದೆ, ಅದನ್ನು ಅಡಿಕೆ ಮರದ ತುದಿಗೆ ಒಯ್ಯುವವನೊಬ್ಬ ಬಿಟ್ಟು. ಮರ ಹತ್ತುವವನಿಗೆ ಫೋನು ಮಾಡುವಾಗ ಸಾಹುಕಾರರ ದನಿಯೂ ಮೆತ್ತಗಾಗುತ್ತದೆ. ಆ ಕಡೆಯಿಂದ 'ನಾಡಿದ್ದು ಕಾಂಬ' ಎಂದು ಬರುತ್ತದೆ. ಯಾವ ನಾಡಿದ್ದು ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ; ಅವನು ಮುನಿಸಿಕೊಂಡರೆ ಮಳೆ ಕಾಯುವುದಿಲ್ಲ.

ಈಗ ಮದುವೆ ಮನೆಗಳ ಪಂಕ್ತಿಯಲ್ಲಿ ಕೇಳಿಬರುವುದು ಇದೆಲ್ಲಕ್ಕಿಂತ ದೊಡ್ಡ ಶಾರ್ಟೇಜು. ತೋಟ, ಮನೆ, ಕಾರು ಎಲ್ಲ ಇರುವ ಹುಡುಗನಿಗೆ ನಲವತ್ತು ಹತ್ತಿರವಾಯಿತು. ಜಾತಕ ಊರೂರು ಸುತ್ತಿ ಹರಿಯುವಂತಾಗಿದೆ. 'ಎಂಥ ಮಾಡೂದು, ಹೆಣ್ಣು ಶಾರ್ಟೇಜ್' ಎಂದು ಅವನ ತಾಯಿ ಎಲೆಯ ಮುಂದೆ ನಿಟ್ಟುಸಿರು ಬಿಡುತ್ತಾರೆ. ಅವರ ಮಗಳು ಬೆಂಗಳೂರಿನಲ್ಲಿ ಸುಖವಾಗಿದ್ದಾಳೆ. ಅವಳಿಗೆ ಗಂಡು ನೋಡುವಾಗ 'ತೋಟದ ಮನೆ ಬೇಡವೇ ಬೇಡ, ಕಂಪನಿಯಲ್ಲಿರುವವನೇ ಆಗಬೇಕು' ಎಂದು ಪಟ್ಟು ಹಿಡಿದವರೂ ಇವರೇ. ಸಗಣಿ, ಸೊಪ್ಪು, ಜಿಗಣೆ ತಾನು ಅನುಭವಿಸಿದ್ದು ಸಾಕು ಎಂದಿದ್ದರು. ನ್ಯಾಯವಾದ ಮಾತೇ. ಆದರೆ ಪಂಕ್ತಿಯಲ್ಲಿ ಕುಳಿತ ಉಳಿದ ತಾಯಂದಿರೂ ಅದನ್ನೇ ಹೇಳಿದ್ದಾರೆ.

ಇದಕ್ಕೆ ಶಾರ್ಟೇಜ್ ಎನ್ನುವುದು ಸುಳ್ಳು ಲೆಕ್ಕ. 2011ರ ಜನಗಣತಿಯಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1008 ಹೆಂಗಸರಿದ್ದರು.